ಪಾಠವನ್ನು ನಿರ್ಧರಿಸುವವರು ಯಾರು? ಶಿಕ್ಷಕ ವೃತ್ತಿಯ ಸ್ವಾಯತ್ತತೆ ನಡೆದುಬಂದ ಹಾದಿ

ಒಂದು ಕಾಯಿಲೆಗೆ ಯಾವ ಔಷಧ ಕೊಡಬೇಕೆಂಬುದನ್ನು ವೈದ್ಯರೇ ನಿರ್ಧರಿಸಬೇಕು ಎಂಬ ಮಾತನ್ನು ಬಹುಮಂದಿ ಪ್ರಶ್ನಿಸದೆ ಒಪ್ಪುತ್ತಾರೆ. ಆದರೆ ಒಂದು ಮಗುವಿಗೆ ಭಿನ್ನರಾಶಿಯನ್ನು ಯಾವಾಗ, ಯಾವ ಕ್ರಮದಲ್ಲಿ, ಯಾವ ಪುಸ್ತಕದಿಂದ ಕಲಿಸಬೇಕೆಂಬುದನ್ನು ಶಿಕ್ಷಕರೇ ನಿರ್ಧರಿಸಲಿ ಎಂದರೆ ಆ ಮಾತಿಗೆ ಅಷ್ಟು ಸುಲಭವಾಗಿ ಒಪ್ಪಿಗೆ ಸಿಗುವುದಿಲ್ಲ. ಸರ್ಕಾರ, ಧರ್ಮಸಂಸ್ಥೆ, ಆಡಳಿತ ಮಂಡಳಿ, ಪರೀಕ್ಷಾ ಮಂಡಳಿ, ಪೋಷಕರು, ಪಠ್ಯಪುಸ್ತಕ ಪ್ರಕಾಶಕರು, ಹೀಗೆ ಎಲ್ಲರೂ ಆ ನಿರ್ಧಾರದಲ್ಲಿ ತಮ್ಮ ಪಾಲನ್ನು ಕೇಳುತ್ತಾರೆ. ಇದಕ್ಕೆ ಕಾರಣ ಶಿಕ್ಷಕರ ಜ್ಞಾನ ವೈದ್ಯರ ಜ್ಞಾನಕ್ಕಿಂತ ಕಡಿಮೆ ಎಂಬುದಲ್ಲ. ಎಂಟು ಶತಮಾನಗಳಲ್ಲಿ ಈ ಎರಡು ವೃತ್ತಿಗಳು ಪಡೆದುಕೊಂಡ ಅಧಿಕಾರಗಳು ಬೇರೆಬೇರೆ ಬಗೆಯವಾಗಿದ್ದವು, ಮತ್ತು ಶಿಕ್ಷಕರ ಕೈಗೆ ಬಂದದ್ದು ಬಹುತೇಕ ಕಡೆಗಳಲ್ಲಿ ಅಧಿಕಾರದ ಅರ್ಧ ಭಾಗ ಮಾತ್ರ.

ಆ ಅರ್ಧ ಯಾವುದು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ವೃತ್ತಿಪರ ಸ್ವಾಯತ್ತತೆ ಎಂದಾಗ ನಮ್ಮ ಮನಸ್ಸಿಗೆ ಬರುವುದು ಸಾಮಾನ್ಯವಾಗಿ ವ್ಯಕ್ತಿಯ ಸ್ವಾತಂತ್ರ್ಯ: ತರಗತಿಯೊಳಗೆ ಶಿಕ್ಷಕರು ತಮ್ಮ ವಿವೇಚನೆಯಂತೆ ಪಾಠ ಮಾಡುವುದು, ಪ್ರಶ್ನೆ ಕೇಳುವುದು, ವಿದ್ಯಾರ್ಥಿಯ ಉತ್ತರವನ್ನು ತೂಗುವುದು. ಇದಲ್ಲದೆ ಇನ್ನೊಂದು ಸ್ವಾಯತ್ತತೆಯೂ ಇದೆ, ಅದು ಇಡೀ ವೃತ್ತಿಸಮುದಾಯಕ್ಕೆ ಸೇರಿದ್ದು. ಈ ವೃತ್ತಿಗೆ ಯಾರು ಬರಬಹುದು, ಅವರಿಗೆ ಯಾವ ತರಬೇತಿ ಬೇಕು, ಒಳ್ಳೆಯ ಕೆಲಸ ಎಂದರೆ ಏನು, ತಪ್ಪು ಮಾಡಿದವರ ಮೇಲೆ ಯಾರು ಕ್ರಮ ಕೈಗೊಳ್ಳಬೇಕು ಎಂಬ ಪ್ರಶ್ನೆಗಳಿಗೆ ವೃತ್ತಿಯವರೇ ಕೂಡಿ ಉತ್ತರ ಕೊಡುವ ಅಧಿಕಾರವದು. ವೈದ್ಯರು ಮತ್ತು ವಕೀಲರು ಎರಡನೆಯದನ್ನು ಮೊದಲು ಗಳಿಸಿ, ಅದರ ಬಲದಿಂದ ಮೊದಲನೆಯದನ್ನು ಕಾಪಾಡಿಕೊಂಡರು. ಶಾಲಾ ಶಿಕ್ಷಕರಿಗೆ ಮೊದಲನೆಯದು ಆಗೀಗ ಧಾರಾಳವಾಗಿಯೇ ದೊರೆತರೂ, ಎರಡನೆಯದು ಕೆಲವೇ ಕಡೆಗಳಲ್ಲಿ ದೊರೆಯಿತು. ಈ ಒಂದು ಭೇದವನ್ನು ಹಿಡಿದು ನೋಡಿದರೆ ಗೊಂದಲಮಯವಾಗಿ ಕಾಣುವ ಈ ಇತಿಹಾಸ ಬಹುಮಟ್ಟಿಗೆ ತಿಳಿಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಹನ್ನೆರಡನೆಯ ಶತಮಾನದ ಯುರೋಪಿನಲ್ಲಿ ಕಲಿಸಬೇಕೆನ್ನುವವರಿಗೆ ಚರ್ಚಿನ ಪರವಾನಗಿ ಬೇಕಾಗಿತ್ತು. ಆ ಪರವಾನಗಿಯನ್ನು ಕೊಡುತ್ತಿದ್ದ ಅಧಿಕಾರಿಗಳು ಅದಕ್ಕೆ ಹಣ ಕೇಳುತ್ತಿದ್ದುದು ಎಷ್ಟು ಸಾಮಾನ್ಯವಾಗಿತ್ತೆಂದರೆ, 1179ರಲ್ಲಿ ನಡೆದ ಮೂರನೆಯ ಲ್ಯಾಟರನ್ ಧರ್ಮಸಭೆ ಅದನ್ನು ನಿಷೇಧಿಸಿ, ಅರ್ಹರಾದ ಯಾರಿಗೂ ಪರವಾನಗಿ ನಿರಾಕರಿಸಬಾರದೆಂದು ವಿಧಿಸಬೇಕಾಯಿತು. ಪ್ಯಾರಿಸ್ಸಿನ ಬೋಧಕರು ತಮ್ಮದೇ ಸಂಘ ಕಟ್ಟಿಕೊಂಡು, ತಮ್ಮೊಳಗೆ ಯಾರನ್ನು ಸೇರಿಸಿಕೊಳ್ಳಬೇಕೆಂಬುದನ್ನು ತಾವೇ ನಿರ್ಧರಿಸತೊಡಗಿದರು. 1229ರಲ್ಲಿ ಒಂದು ಗಲಭೆಯ ನಂತರ ನಗರದ ಕಾವಲುಪಡೆಯವರು ಕೆಲವು ವಿದ್ಯಾರ್ಥಿಗಳನ್ನು ಕೊಂದಾಗ, ಬೋಧಕರು ಪಾಠಗಳನ್ನು ನಿಲ್ಲಿಸಿ ಊರನ್ನೇ ಬಿಟ್ಟು ಹೊರಟುಹೋದರು. ಬೇರೆ ನಗರಗಳು ಅವರನ್ನು ಸಂತೋಷದಿಂದ ಬರಮಾಡಿಕೊಂಡವು. ಎರಡು ವರ್ಷಗಳ ನಂತರ, 1231ರಲ್ಲಿ, ಪೋಪ್ ಒಂಬತ್ತನೆಯ ಗ್ರೆಗರಿ ಹೊರಡಿಸಿದ ಶಾಸನ ಅವರಿಗೆ ಉಪನ್ಯಾಸಗಳ ಸಮಯ, ವಿಧಾನ ಮುಂತಾದ ವಿಷಯಗಳಲ್ಲಿ ತಮ್ಮ ನಿಯಮಗಳನ್ನು ತಾವೇ ಮಾಡಿಕೊಳ್ಳುವ ಹಕ್ಕನ್ನೂ, ಅನ್ಯಾಯವಾದಾಗ ಪಾಠ ನಿಲ್ಲಿಸುವ ಹಕ್ಕನ್ನೂ ಕೊಟ್ಟಿತು. ಬೋಧಕರ ಸ್ವಾಯತ್ತತೆಯ ಈ ಮೊದಲ ದೊಡ್ಡ ದಾಖಲೆ ಬಂದದ್ದು ಯಾರೊಬ್ಬರ ಪಾಂಡಿತ್ಯಕ್ಕೆ ಮನ್ನಣೆಯಾಗಿ ಅಲ್ಲ, ಒಟ್ಟಾಗಿ ಎದ್ದುಹೋಗಬಲ್ಲ ಒಂದು ಗುಂಪಿನ ಬಲಕ್ಕೆ ಮಣಿದು.

ಇಟಲಿಯ ಬೊಲೋನ್ಯದಲ್ಲಿ ಇದಕ್ಕೆ ತದ್ವಿರುದ್ಧವಾದ ವ್ಯವಸ್ಥೆಯಿತ್ತು, ಮತ್ತು ಈ ಚರ್ಚೆಗೆ ಅದು ಪ್ಯಾರಿಸ್ಸಿಗಿಂತಲೂ ಹೆಚ್ಚು ಉಪಯುಕ್ತವಾದ ಉದಾಹರಣೆ. ಅಲ್ಲಿ ವಿಶ್ವವಿದ್ಯಾಲಯವೆಂದರೆ ವಿದ್ಯಾರ್ಥಿಗಳ ಸಂಘ. ಬೋಧಕರು ವಿದ್ಯಾರ್ಥಿಗಳು ಆರಿಸಿದ ಮುಖ್ಯಸ್ಥನಿಗೆ ವಿಧೇಯರಾಗಿರುತ್ತೇವೆಂದು ಪ್ರಮಾಣ ಮಾಡಬೇಕಿತ್ತು. ಪಾಠ ತಡವಾಗಿ ಆರಂಭಿಸಿದರೆ, ಗಂಟೆ ಬಾರಿಸಿದ ಮೇಲೂ ಮುಂದುವರಿಸಿದರೆ, ಕಠಿಣವಾದ ಭಾಗವನ್ನು ಹಾರಿಸಿ ಮುಂದೆ ಹೋದರೆ ದಂಡ ಬೀಳುತ್ತಿತ್ತು. ಆ ದಂಡವನ್ನು ಮುರಿದುಕೊಳ್ಳಲೆಂದೇ ಅವರು ಮುಂಗಡವಾಗಿ ಠೇವಣಿ ಇಟ್ಟಿರಬೇಕಿತ್ತು. ಇಷ್ಟಾದರೂ ಅವರು ಒಂದು ವಿಷಯದಲ್ಲಿ ಮಾತ್ರ ಹಿಡಿತ ಬಿಟ್ಟುಕೊಡಲಿಲ್ಲ: ಯಾರು ಪದವಿಗೆ ಅರ್ಹರು ಎಂದು ಪರೀಕ್ಷಿಸುವ ಅಧಿಕಾರ ಬೋಧಕರ ಮಂಡಳಿಯಲ್ಲೇ ಉಳಿಯಿತು. ಪಾಠದ ಕೋಣೆಯೊಳಗೆ ಸಂಬಳದ ಕೆಲಸಗಾರರಂತಿದ್ದವರು ವೃತ್ತಿಯ ಬಾಗಿಲಲ್ಲಿ ನ್ಯಾಯಾಧೀಶರಾಗಿದ್ದರು. ವಿದ್ಯಾರ್ಥಿಗಳ ಹಿಡಿತ ಕಾಲಕ್ರಮೇಣ ನಗರಾಡಳಿತವು ಬೋಧಕರಿಗೆ ಸಂಬಳ ಕೊಡತೊಡಗಿದಂತೆ ಸಡಿಲವಾಯಿತು. ಪರೀಕ್ಷಿಸುವ ಅಧಿಕಾರ ಉಳಿದುಕೊಂಡಿತು.

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಹಣ ಕೊಡುವವನ ಸ್ಥಾನದಲ್ಲಿ ರಾಷ್ಟ್ರವೇ ನಿಲ್ಲುತ್ತದೆ. 1810ರಲ್ಲಿ ಆರಂಭವಾದ ಬರ್ಲಿನ್ ವಿಶ್ವವಿದ್ಯಾಲಯದ ಹಿಂದಿದ್ದ ವಿಲ್ಹೆಲ್ಮ್ ಫಾನ್ ಹುಂಬೋಲ್ಟ್, ಸರ್ಕಾರ ಹಣ ಕೊಡಬೇಕು ಆದರೆ ವಿದ್ಯೆಯ ಒಳಗಿನ ಕೆಲಸದಲ್ಲಿ ಕೈಹಾಕಬಾರದು ಎಂಬ ತತ್ತ್ವವನ್ನು ಮುಂದಿಟ್ಟರು. ಆದರೂ ಪ್ರಾಧ್ಯಾಪಕರನ್ನು ನೇಮಿಸುವ ಅಧಿಕಾರ ಸರ್ಕಾರದ ಕೈಯಲ್ಲೇ ಇರಬೇಕೆಂದು ಅವರೇ ಬಯಸಿದ್ದರು. ಪಂಡಿತರ ಒಳಜಗಳಗಳು ಮತ್ತು ಗುಂಪುಗಾರಿಕೆ ಒಳ್ಳೆಯವರನ್ನು ಹೊರಗಿಡಬಹುದೆಂಬ ಆತಂಕ ಅವರಿಗಿತ್ತು. ಪ್ರಾಧ್ಯಾಪಕರ ಬೋಧನಾ ಸ್ವಾತಂತ್ರ್ಯ ಹೀಗೆ ಸರ್ಕಾರಿ ಹುದ್ದೆಯ ಭದ್ರತೆಯೊಳಗೆ ಸಿಕ್ಕ ಸ್ವಾತಂತ್ರ್ಯವಾಗಿತ್ತು. ಅದರ ಮಿತಿ 1837ರಲ್ಲಿ ಗೊತ್ತಾಯಿತು. ಹನೋವರಿನ ರಾಜನು ಸಂವಿಧಾನವನ್ನು ರದ್ದುಮಾಡಿದ್ದನ್ನು ಗ್ಯೋಟಿಂಗೆನ್ ವಿಶ್ವವಿದ್ಯಾಲಯದ ಏಳು ಮಂದಿ ಪ್ರಾಧ್ಯಾಪಕರು ಪ್ರತಿಭಟಿಸಿದಾಗ, ಅಷ್ಟೂ ಮಂದಿಯನ್ನು ಕೆಲಸದಿಂದ ತೆಗೆಯಲಾಯಿತು. ಜಾಕೋಬ್ ಗ್ರಿಮ್ ಸೇರಿದಂತೆ ಮೂವರು ದೇಶ ಬಿಡಬೇಕಾಯಿತು. ಅವರ ಪರವಾಗಿ ಜರ್ಮನ್ ನಾಡುಗಳಲ್ಲೆಲ್ಲ ಸಾರ್ವಜನಿಕರು ಹಣ ಸಂಗ್ರಹಿಸಿದರು. ಬರ್ಲಿನ್ ರಾಜಧಾನಿಯಾಗಿದ್ದ ಪ್ರಷ್ಯ ರಾಜ್ಯದ 1850ರ ಸಂವಿಧಾನ ವಿದ್ಯೆ ಮತ್ತು ಅದರ ಬೋಧನೆ ಸ್ವತಂತ್ರವೆಂದು ಘೋಷಿಸಿತು.

ಅದೇ ಪ್ರಷ್ಯದಲ್ಲಿ, ಅದೇ ವರ್ಷಗಳಲ್ಲಿ, ಹಳ್ಳಿಯ ಶಾಲಾ ಮೇಷ್ಟ್ರಿಗೆ ಏನಾಯಿತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. 1848ರ ಕ್ರಾಂತಿಗೆ ಶಿಕ್ಷಕರ ಅತಿಯಾದ ಓದೇ ಕಾರಣವೆಂದು ರಾಜ ನಾಲ್ಕನೆಯ ಫ್ರೆಡ್ರಿಕ್ ವಿಲ್ಹೆಲ್ಮ್ ನಂಬಿದ್ದನು. 1854ರಲ್ಲಿ ಫರ್ಡಿನಾಂಡ್ ಸ್ಟೀಲ್ ಎಂಬ ಅಧಿಕಾರಿ ಸಿದ್ಧಪಡಿಸಿದ ನಿಯಮಾವಳಿಗಳು ಶಿಕ್ಷಕರ ತರಬೇತಿ ಶಾಲೆಗಳಲ್ಲಿ ಧರ್ಮಬೋಧನೆಯನ್ನೂ ಕಂಠಪಾಠವನ್ನೂ ಮುಂದೆ ತಂದು, ಜರ್ಮನ್ ಸಾಹಿತ್ಯದ ಶ್ರೇಷ್ಠ ಕೃತಿಗಳನ್ನು ಖಾಸಗಿ ಓದಿನಿಂದ ಕೂಡ ಹೊರಗಿಟ್ಟವು. ಈ ನಿಯಮಗಳು 1872ರವರೆಗೆ ಜಾರಿಯಲ್ಲಿದ್ದವು. ಇದಕ್ಕೂ ಮುನ್ನ, 1851ರಲ್ಲಿ, ಫ್ರೆಡ್ರಿಕ್ ಫ್ರೋಬೆಲ್ ರೂಪಿಸಿದ ಕಿಂಡರ್‌ಗಾರ್ಟನ್‌ಗಳನ್ನು ನಾಸ್ತಿಕತೆ ಮತ್ತು ಸಮಾಜವಾದ ಹರಡುತ್ತವೆಂಬ ಆರೋಪದ ಮೇಲೆ ಪ್ರಷ್ಯ ನಿಷೇಧಿಸಿತ್ತು. ಆ ನಿಷೇಧ 1860ರವರೆಗೆ ಇತ್ತು. ಪುಟ್ಟ ಮಕ್ಕಳಿಗೆ ಆಟದ ಮೂಲಕ ಕಲಿಸುವ ಒಂದು ವಿಧಾನವನ್ನು, ಅದನ್ನು ಕಲಿತು ಜೀವನ ಕಟ್ಟಿಕೊಂಡಿದ್ದ ಮಹಿಳೆಯರ ಇಡೀ ವೃತ್ತಿಯನ್ನು, ಒಂದು ಆಜ್ಞೆಯಿಂದ ಅಳಿಸಿಬಿಡಬಹುದಾಗಿತ್ತು. ಪ್ರಾಧ್ಯಾಪಕರಿಗೆ ಸಂವಿಧಾನದ ರಕ್ಷಣೆ, ಹಳ್ಳಿಯ ಶಿಕ್ಷಕರಿಗೆ ಓದುವ ಪುಸ್ತಕಗಳ ಮೇಲೆ ನಿರ್ಬಂಧ, ಶಿಶುವಿಹಾರದ ಶಿಕ್ಷಕಿಗೆ ನಿಷೇಧ. ಕಲಿಯುವವರ ವಯಸ್ಸು ಕಡಿಮೆಯಾದಂತೆ ಕಲಿಸುವವರ ಮೇಲಿನ ನಂಬಿಕೆಯೂ ಕಡಿಮೆಯಾಗುವ ಈ ಶ್ರೇಣಿ ಬೇರೆಬೇರೆ ರೂಪಗಳಲ್ಲಿ ಬಹುತೇಕ ಎಲ್ಲ ದೇಶಗಳಲ್ಲೂ ಕಾಣಿಸುತ್ತದೆ, ಮತ್ತು ಅದಕ್ಕೆ ಯಾವ ಶೈಕ್ಷಣಿಕ ಸಮರ್ಥನೆಯೂ ನನಗೆ ಕಾಣುವುದಿಲ್ಲ.

ಬ್ರಿಟನ್ನಿನಲ್ಲಿ ಸರ್ಕಾರ ಹಿಡಿದ ದಾರಿ ಬೇರೆ. ಅದು ಶಿಕ್ಷಕರನ್ನು ನಿಯಂತ್ರಿಸಿದ್ದು ಲೆಕ್ಕಪತ್ರದ ಮೂಲಕ. ರಾಬರ್ಟ್ ಲೋ ಎಂಬ ರಾಜಕಾರಣಿಯ ಮುಂದಾಳತ್ವದಲ್ಲಿ 1862ರಲ್ಲಿ ಜಾರಿಗೆ ಬಂದ ಪರಿಷ್ಕೃತ ಸಂಹಿತೆಯ ಪ್ರಕಾರ, ಸರಾಸರಿ ಹಾಜರಾತಿಯ ಮೇಲೆ ಪ್ರತಿ ಮಗುವಿಗೆ 4 ಶಿಲಿಂಗ್ ಅನುದಾನ ಸಿಗುತ್ತಿತ್ತು. ಆರು ವರ್ಷ ದಾಟಿದ ಮಗು ಸಾಕಷ್ಟು ದಿನ ಹಾಜರಿದ್ದು ಇನ್‌ಸ್ಪೆಕ್ಟರರ ಎದುರು ಓದು, ಬರಹ, ಲೆಕ್ಕ ಮೂರರಲ್ಲೂ ತೇರ್ಗಡೆಯಾದರೆ ಇನ್ನೂ 8 ಶಿಲಿಂಗ್. ಒಂದೊಂದು ವಿಷಯದಲ್ಲಿ ಅನುತ್ತೀರ್ಣವಾದರೂ 2 ಶಿಲಿಂಗ್ 8 ಪೆನ್ಸ್ ಕಡಿತ. ಶಿಕ್ಷಕರ ಸಂಬಳ ಬಹುತೇಕ ಈ ಅನುದಾನವನ್ನೇ ಅವಲಂಬಿಸಿತ್ತು. ಫಲಿತಾಂಶಕ್ಕೆ ತಕ್ಕ ಪಾವತಿ ಎಂದು ಹೆಸರಾದ ಈ ಪದ್ಧತಿಯಲ್ಲಿ ಯಾವ ವಿಧಾನದಿಂದ ಕಲಿಸಬೇಕೆಂದು ಯಾರೂ ಶಿಕ್ಷಕರಿಗೆ ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ಪರೀಕ್ಷೆಗೆ ಬಾರದ ವಿಷಯಗಳು ತಾವಾಗಿಯೇ ಮೂಲೆಗೆ ಸರಿದವು. ಓದುವ ಪರೀಕ್ಷೆಗೆ ನಿಗದಿಯಾದ ಪುಸ್ತಕವನ್ನು ಮಕ್ಕಳು ಬಾಯಿಪಾಠ ಮಾಡಿ, ಅಕ್ಷರ ಗುರುತಿಸಲಾಗದೆಯೂ ತೇರ್ಗಡೆಯಾಗುವ ಸ್ಥಿತಿ ಬಂತು. ಸ್ವತಃ ಶಾಲಾ ಇನ್‌ಸ್ಪೆಕ್ಟರರಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್, ಈ ಯಾಂತ್ರಿಕತೆಯ ಬಗ್ಗೆ ತಮ್ಮ ಅಧಿಕೃತ ವರದಿಗಳಲ್ಲೇ ಮತ್ತೆ ಮತ್ತೆ ಎಚ್ಚರಿಸಿದರು.

ಈ ಪದ್ಧತಿಯ ವಿರುದ್ಧದ ಅಸಮಾಧಾನವೇ 1870ರಲ್ಲಿ ಪ್ರಾಥಮಿಕ ಶಿಕ್ಷಕರ ರಾಷ್ಟ್ರೀಯ ಒಕ್ಕೂಟ ಹುಟ್ಟುವುದಕ್ಕೆ ಒಂದು ಮುಖ್ಯ ಪ್ರೇರಣೆಯಾಯಿತು. ಒಕ್ಕೂಟದ ಬೇಡಿಕೆಗಳಲ್ಲಿ ಸಂಬಳ, ಪಿಂಚಣಿಗಳ ಜೊತೆಗೆ ಪರಿಷ್ಕೃತ ಸಂಹಿತೆಯ ಬದಲಾವಣೆಯೂ, ವೃತ್ತಿಗೆ ಪ್ರವೇಶವನ್ನು ಶಿಕ್ಷಕರೇ ನಿಯಂತ್ರಿಸುವ ನೋಂದಣಿ ವ್ಯವಸ್ಥೆಯೂ ಇದ್ದವು. ಸಂಹಿತೆಯ ವಿಷಯದಲ್ಲಿ 1890ರ ದಶಕದಲ್ಲಿ ಗೆಲುವು ಸಿಕ್ಕಿತು. ನೋಂದಣಿಯ ಬೇಡಿಕೆ ನೂರು ವರ್ಷಗಳಿಗೂ ಹೆಚ್ಚು ಕಾಲ ಸರಿಯಾಗಿ ಈಡೇರಲಿಲ್ಲ.

ಅಮೆರಿಕದಲ್ಲಿ ಪ್ರಶ್ನೆ ಮುಖ್ಯವಾಗಿ ಲಿಂಗದ ಸುತ್ತ ತಿರುಗಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿನ ನಗರಗಳ ಪ್ರಾಥಮಿಕ ಶಾಲೆಗಳಲ್ಲಿ ಕಲಿಸುವವರು ಬಹುಪಾಲು ಮಹಿಳೆಯರು. ಅವರ ಮೇಲ್ವಿಚಾರಣೆ ಮಾಡುವವರು ಬಹುಪಾಲು ಪುರುಷರು. 1857ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಶಿಕ್ಷಕರ ಸಂಘ ಮೊದಲು ಪುರುಷರನ್ನು ಮಾತ್ರ ಪೂರ್ಣ ಸದಸ್ಯರನ್ನಾಗಿ ಸೇರಿಸಿಕೊಳ್ಳುತ್ತಿತ್ತು. ಆ ನಿಯಮ ಬದಲಾದದ್ದು 1866ರಲ್ಲಿ. ಕಾರ್ಖಾನೆಗಳ ಆಡಳಿತ ಪದ್ಧತಿಯನ್ನು ಶಾಲೆಗೂ ತರುವ ಉತ್ಸಾಹ ಏರುತ್ತಿದ್ದ ಆ ಕಾಲದಲ್ಲಿ, ಷಿಕಾಗೋದ ಶಿಕ್ಷಕಿಯರ ನಾಯಕಿ ಮಾರ್ಗರೇಟ್ ಹೇಲಿ 1904ರಲ್ಲಿ ಸೇಂಟ್ ಲೂಯಿಸ್ ಸಮಾವೇಶದಲ್ಲಿ ಮಾಡಿದ ಭಾಷಣ ಇಂದಿಗೂ ಓದಬೇಕಾದದ್ದು. ಯೋಚಿಸುವವರು ಮೇಲಿನವರು, ಅವರ ಆಜ್ಞೆಯನ್ನು ಪಾಲಿಸುವ ಯಂತ್ರ ಶಿಕ್ಷಕಿ ಎಂಬ ವಿಭಜನೆಯನ್ನು ಅವರು ನೇರವಾಗಿ ಖಂಡಿಸಿ, ಪ್ರಜಾಪ್ರಭುತ್ವವನ್ನು ಕಲಿಸಬೇಕಾದವರಿಗೆ ತಮ್ಮ ಕೆಲಸದಲ್ಲೇ ಪ್ರಜಾಪ್ರಭುತ್ವ ಇಲ್ಲದಿದ್ದರೆ ಹೇಗೆ ಎಂದು ಕೇಳಿದರು. 1909ರಲ್ಲಿ ಷಿಕಾಗೋ ಶಾಲೆಗಳ ಮುಖ್ಯಸ್ಥರಾದ ಎಲಾ ಫ್ಲ್ಯಾಗ್ ಯಂಗ್ ಎಂಬ ಮಹಿಳೆ, ಶಿಕ್ಷಕರು ಸಭೆ ಸೇರಿ ನೀತಿಯನ್ನು ಚರ್ಚಿಸುವ ಮಂಡಳಿಗಳನ್ನು ಬೆಂಬಲಿಸಿದರು. ಅಂಥ ಸ್ಥಾನಕ್ಕೇರಿದ ಮಹಿಳೆ ಆಗ ದೊಡ್ಡ ನಗರಗಳಲ್ಲಿ ಬೇರಾರೂ ಇರಲಿಲ್ಲ. ಮದುವೆಯಾದ ಶಿಕ್ಷಕಿಯರನ್ನು ಕೆಲಸದಿಂದ ತೆಗೆಯುವ ನಿಯಮಗಳು ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ದಶಕಗಳ ಕಾಲ ನಡೆದವು. ಇಂಗ್ಲೆಂಡಿನಲ್ಲಿ ಅದು ಕಾನೂನಿನಿಂದ ಕೊನೆಗೊಂಡದ್ದು 1944ರಲ್ಲಿ. ಕೆಲವೇ ವರ್ಷ ಕೆಲಸ ಮಾಡಿ ಹೊರಡಲೇಬೇಕಾದವರಿಂದ ಬಲವಾದ ವೃತ್ತಿಸಂಸ್ಥೆ ಬೆಳೆಯುವುದು ಕಷ್ಟ ಎಂಬುದನ್ನು ವಿವರಿಸಬೇಕಾಗಿಲ್ಲ.

ವಿಶ್ವವಿದ್ಯಾಲಯದ ಬೋಧಕರು ಅದೇ ದೇಶದಲ್ಲಿ ಬೇರೆ ದಾರಿಯಲ್ಲಿ ನಡೆದರು. ಖಾಸಗಿ ಧನಿಕರ ಟ್ರಸ್ಟಿ ಮಂಡಳಿಗಳು ತಮಗೆ ಒಪ್ಪಿಗೆಯಾಗದ ಆರ್ಥಿಕ ವಿಚಾರಗಳನ್ನು ಹೇಳಿದವರನ್ನು ತೆಗೆದುಹಾಕಿದ ಪ್ರಕರಣಗಳ ನಂತರ, 1915ರಲ್ಲಿ ಅಮೆರಿಕನ್ ವಿಶ್ವವಿದ್ಯಾಲಯ ಪ್ರಾಧ್ಯಾಪಕರ ಸಂಘ ಸ್ಥಾಪನೆಯಾಯಿತು. ತತ್ತ್ವಜ್ಞಾನಿ ಜಾನ್ ಡ್ಯೂಯಿ ಅದರ ಮೊದಲ ಅಧ್ಯಕ್ಷರು. ಸಂಘ ಅದೇ ವರ್ಷ ಹೊರಡಿಸಿದ ಘೋಷಣೆಯಲ್ಲಿ ಒಂದು ತೀಕ್ಷ್ಣವಾದ ವಾದವಿದೆ: ನ್ಯಾಯಾಧೀಶರನ್ನು ರಾಷ್ಟ್ರಾಧ್ಯಕ್ಷರು ನೇಮಿಸುತ್ತಾರೆ, ಆದರೂ ಅವರ ತೀರ್ಪು ರಾಷ್ಟ್ರಾಧ್ಯಕ್ಷರದ್ದಲ್ಲ, ಹಾಗೆಯೇ ಪ್ರಾಧ್ಯಾಪಕರನ್ನು ಟ್ರಸ್ಟಿಗಳು ನೇಮಿಸಿದರೂ ಅವರ ವಿದ್ವತ್ತಿನ ತೀರ್ಮಾನ ಟ್ರಸ್ಟಿಗಳ ಅಧೀನವಲ್ಲ. ಸಂಬಳ ಕೊಡುವವರಿಗೂ ಕೆಲಸದ ಒಳಸತ್ವಕ್ಕೂ ನಡುವೆ ಇಂಥದೊಂದು ಗೆರೆ ಎಳೆದದ್ದೇ ಆಧುನಿಕ ವೃತ್ತಿಪರ ಸ್ವಾಯತ್ತತೆಯ ತಿರುಳು. ಈ ಸಂಘವೂ ಅಮೆರಿಕದ ಕಾಲೇಜುಗಳ ಸಂಘವೂ ಕೂಡಿ 1940ರಲ್ಲಿ ಹೊರಡಿಸಿದ ಹೇಳಿಕೆ ಅದಕ್ಕೆ ಕಾಯಂ ಹುದ್ದೆಯ ಭದ್ರತೆಯನ್ನು ಜೋಡಿಸಿತು. 1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಬೋಧಕರಿಂದ ನಿಷ್ಠೆಯ ಪ್ರಮಾಣವನ್ನು ಪಡೆಯುತ್ತಿದ್ದ ನ್ಯೂಯಾರ್ಕ್ ರಾಜ್ಯದ ವ್ಯವಸ್ಥೆಯನ್ನು ಕೀಶಿಯನ್ ಪ್ರಕರಣದಲ್ಲಿ ರದ್ದುಗೊಳಿಸುವಾಗ ಶೈಕ್ಷಣಿಕ ಸ್ವಾತಂತ್ರ್ಯಕ್ಕೆ ಸಂವಿಧಾನದ ಬಲ ನೀಡಿತು.

ಶಿಕ್ಷಣದ ನೆರೆಯ ವೃತ್ತಿಗಳ ಕಥೆಯೂ ಇದೇ ವರ್ಷಗಳಲ್ಲಿ ತೆರೆದುಕೊಳ್ಳುತ್ತದೆ. 1915ರಲ್ಲೇ ಅಬ್ರಹಾಂ ಫ್ಲೆಕ್ಸ್‌ನರ್, ಅಮೆರಿಕದ ವೈದ್ಯಕೀಯ ಶಿಕ್ಷಣವನ್ನು ಬುಡಮೇಲು ಮಾಡಿದ ವರದಿಯ ಕರ್ತೃ, ಸಮಾಜಕಾರ್ಯ ಒಂದು ವೃತ್ತಿಯೇ ಎಂಬ ಪ್ರಶ್ನೆಯನ್ನೆತ್ತಿ, ಇನ್ನೂ ಅಲ್ಲ ಎಂದು ಉತ್ತರಿಸಿದರು. ಆ ಕ್ಷೇತ್ರದವರು ಮುಂದಿನ ಹಲವು ದಶಕಗಳನ್ನು ಆ ಉತ್ತರವನ್ನು ಸುಳ್ಳುಮಾಡುವ ಪ್ರಯತ್ನದಲ್ಲಿ ಕಳೆದರು. ದಾದಿಯರು ಕಾನೂನುಬದ್ಧ ನೋಂದಣಿಯ ದಾರಿ ಹಿಡಿದರು: ನ್ಯೂಜಿಲೆಂಡಿನಲ್ಲಿ 1901ರಲ್ಲಿ, ಇಂಗ್ಲೆಂಡಿನಲ್ಲಿ 1919ರಲ್ಲಿ. ಗ್ರಂಥಪಾಲಕರು ಕಾನೂನಿಗಿಂತ ತತ್ತ್ವವನ್ನು ಆಶ್ರಯಿಸಿದರು. ಅಮೆರಿಕನ್ ಗ್ರಂಥಾಲಯ ಸಂಘ 1939ರಲ್ಲಿ ಅಂಗೀಕರಿಸಿದ ಹಕ್ಕುಗಳ ಘೋಷಣೆ, ಲೇಖಕರ ಜನಾಂಗ, ರಾಷ್ಟ್ರೀಯತೆ, ರಾಜಕೀಯ ಅಥವಾ ಧಾರ್ಮಿಕ ನಿಲುವಿನ ಕಾರಣಕ್ಕೆ ಪುಸ್ತಕದ ಆಯ್ಕೆ ಪ್ರಭಾವಿತವಾಗಬಾರದೆಂದು ಹೇಳಿತು. ಅಲ್ಲಿಯವರೆಗೆ ಓದುಗರ ನಡತೆಯನ್ನು ಕಾಯುವವರೆಂದೇ ತಮ್ಮನ್ನು ಭಾವಿಸಿಕೊಂಡಿದ್ದ ಅನೇಕ ಗ್ರಂಥಪಾಲಕರಿಗೆ ಇದು ದೊಡ್ಡ ತಿರುವು. ತಮ್ಮ ಸ್ವಾಯತ್ತತೆಯನ್ನು ಅವರು ಓದುಗರ ಸ್ವಾತಂತ್ರ್ಯದ ಮೇಲೆ ಕಟ್ಟಿಕೊಂಡರು. 1969ರಲ್ಲಿ ಸಮಾಜಶಾಸ್ತ್ರಜ್ಞ ಅಮಿಟಾಯ್ ಎಟ್ಸಿಯೋನಿ ಶಿಕ್ಷಕರು, ದಾದಿಯರು, ಸಮಾಜ ಕಾರ್ಯಕರ್ತರು ಈ ಮೂವರನ್ನೂ ಅರೆವೃತ್ತಿಗಳೆಂಬ ಹೆಸರಿನಡಿ ತಂದರು: ಅಲ್ಪಾವಧಿಯ ತರಬೇತಿ, ಸಂಸ್ಥೆಯ ಮೇಲ್ವಿಚಾರಣೆಯಡಿಯ ಕೆಲಸ, ಕಡಿಮೆ ಸ್ವಾಯತ್ತತೆ. ಈ ಮೂರರಲ್ಲೂ ಮಹಿಳೆಯರೇ ಹೆಚ್ಚಿದ್ದರು. ಈ ವರ್ಗೀಕರಣ ಆ ಕಾಲದ ಸ್ಥಿತಿಯನ್ನು ಸರಿಯಾಗಿಯೇ ವರ್ಣಿಸುತ್ತದೆ, ಆದರೆ ಅಧಿಕಾರ ಕೊಡದಿದ್ದುದರ ಪರಿಣಾಮವನ್ನು ಕೆಲಸದ ಸ್ವಭಾವವೆಂಬಂತೆ ತೋರಿಸುವ ಅಪಾಯವೂ ಅದರಲ್ಲಿದೆ.

ಏಕೆಂದರೆ ಈ ಕೆಲಸಗಳ ಸ್ವಭಾವವೇ ವಿವೇಚನೆಯನ್ನು ಬೇಡುತ್ತದೆ. ಮೈಕೆಲ್ ಲಿಪ್ಸ್ಕಿ 1980ರಲ್ಲಿ ತೋರಿಸಿಕೊಟ್ಟಂತೆ, ಶಿಕ್ಷಕರು, ಸಮಾಜ ಕಾರ್ಯಕರ್ತರು, ಪೊಲೀಸರು ಮುಂತಾದವರು ಜನರನ್ನು ಮುಖಾಮುಖಿಯಾಗಿ ಎದುರಿಸುವ ಕ್ಷಣದಲ್ಲಿ ಯಾವ ನಿಯಮಪುಸ್ತಕವೂ ಸಾಲುವುದಿಲ್ಲ. ಸಮಯ ಕಡಿಮೆ, ಜನ ಹೆಚ್ಚು, ಪ್ರತಿಯೊಬ್ಬರ ಪರಿಸ್ಥಿತಿ ಬೇರೆ. ಅಂಥಲ್ಲಿ ಅವರು ಮಾಡುವ ಆಯ್ಕೆಗಳೇ ವಾಸ್ತವದಲ್ಲಿ ಸರ್ಕಾರದ ನೀತಿಯಾಗಿ ಜನರಿಗೆ ತಲಪುತ್ತವೆ. ಎಷ್ಟೇ ಬಿಗಿ ಮಾಡಿದರೂ ವಿವೇಚನೆ ಅಳಿಯುವುದಿಲ್ಲ. ಅದು ಬಹಿರಂಗವಾಗಿ, ಸಹೋದ್ಯೋಗಿಗಳ ಜೊತೆ ಚರ್ಚಿಸಿ ನಡೆಯುತ್ತದೆಯೋ, ಮುಚ್ಚಿದ ಬಾಗಿಲ ಹಿಂದೆ ಒಂಟಿಯಾಗಿ ನಡೆಯುತ್ತದೆಯೋ ಎಂಬುದು ಮಾತ್ರ ವ್ಯವಸ್ಥೆಯ ಕೈಯಲ್ಲಿದೆ.

ಮುಚ್ಚಿದ ಬಾಗಿಲ ಹಿಂದಿನ ಸ್ವಾತಂತ್ರ್ಯ ಎಷ್ಟು ದುರ್ಬಲ ಎಂಬುದಕ್ಕೆ ಇಪ್ಪತ್ತನೆಯ ಶತಮಾನದ ಇಂಗ್ಲೆಂಡಿಗಿಂತ ಉತ್ತಮ ಸಾಕ್ಷ್ಯ ಸಿಗಲಾರದು. ಫಲಿತಾಂಶಕ್ಕೆ ತಕ್ಕ ಪಾವತಿಯ ಕಹಿ ಅನುಭವದ ನಂತರ, 1905ರಲ್ಲಿ ಅಲ್ಲಿನ ಶಿಕ್ಷಣ ಮಂಡಳಿ ಶಿಕ್ಷಕರಿಗಾಗಿ ಹೊರಡಿಸಿದ ಕೈಪಿಡಿ, ಪ್ರತಿಯೊಬ್ಬ ಶಿಕ್ಷಕರೂ ತಮಗೆ ತಾವೇ ಯೋಚಿಸಿ ತಮ್ಮ ವಿಧಾನ ಕಂಡುಕೊಳ್ಳಬೇಕು ಎಂಬುದೊಂದೇ ತಾನು ಬಯಸುವ ಏಕರೂಪತೆ ಎಂದು ಬರೆಯಿತು. 1926ರಲ್ಲಿ ಪ್ರಾಥಮಿಕ ಶಾಲೆಗಳು ಯಾವ ವಿಷಯಗಳನ್ನು ಕಲಿಸಬೇಕೆಂಬ ವಿಧಿಯನ್ನೇ ನಿಯಮಾವಳಿಯಿಂದ ಕೈಬಿಡಲಾಯಿತು. 1944ರ ಶಿಕ್ಷಣ ಕಾಯಿದೆ ಧಾರ್ಮಿಕ ಬೋಧನೆಯ ಹೊರತಾಗಿ ಯಾವ ವಿಷಯವನ್ನೂ ಕಡ್ಡಾಯಗೊಳಿಸಲಿಲ್ಲ. ಹನ್ನೊಂದನೆಯ ವಯಸ್ಸಿನ ಪ್ರವೇಶ ಪರೀಕ್ಷೆಯ ಒತ್ತಡ ಇದ್ದೇ ಇತ್ತು; ಆದರೆ ಅದು ಹಲವೆಡೆ ಮರೆಯಾಗುತ್ತ ಬಂದಂತೆ ಶಿಕ್ಷಕರ ಸ್ವಾತಂತ್ರ್ಯ ಬಹುತೇಕ ಪೂರ್ಣವಾಯಿತು. 1960ರಲ್ಲಿ ಶಿಕ್ಷಣ ಮಂತ್ರಿ ಡೇವಿಡ್ ಎಕಲ್ಸ್ ಸಂಸತ್ತಿನಲ್ಲಿ ಪಠ್ಯಕ್ರಮವನ್ನು ರಹಸ್ಯ ಉದ್ಯಾನವೆಂದು ಕರೆದರು, ಅಂದರೆ ಮಂತ್ರಿಗೂ ಪ್ರವೇಶವಿಲ್ಲದ ಜಾಗ.

ಆದರೆ ಈ ಸ್ವಾತಂತ್ರ್ಯ ಸಂಪ್ರದಾಯದಿಂದ ಬಂದದ್ದು, ಯಾವ ಸಂಸ್ಥೆಯಲ್ಲೂ ನೆಲೆಗೊಂಡದ್ದಲ್ಲ. ಶಿಕ್ಷಕರ ಕೈಯಲ್ಲಿ ನೋಂದಣಿಯ ಅಧಿಕಾರವಿರಲಿಲ್ಲ, ತರಬೇತಿಯ ಗುಣಮಟ್ಟ ನಿರ್ಧರಿಸುವ ಹಕ್ಕಿರಲಿಲ್ಲ, ಸಹೋದ್ಯೋಗಿಯೊಬ್ಬರು ದಾರಿತಪ್ಪಿದರೆ ಪರಿಶೀಲಿಸಿ ಸರಿಪಡಿಸುವ ವೃತ್ತಿಮಂಡಳಿ ಇರಲಿಲ್ಲ. ಉತ್ತರ ಲಂಡನ್ನಿನ ವಿಲಿಯಂ ಟಿಂಡೇಲ್ ಪ್ರಾಥಮಿಕ ಶಾಲೆಯಲ್ಲಿ 1974ರಿಂದ ಕೆಲವು ಶಿಕ್ಷಕರು ಮಕ್ಕಳ ಇಷ್ಟಕ್ಕೇ ಬಹುಪಾಲು ಬಿಟ್ಟುಕೊಡುವ ವಿಧಾನವನ್ನು ಅನುಸರಿಸಿದಾಗ, ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋಗತೊಡಗಿದರು, ಶಾಲೆ ಒಳಜಗಳದಲ್ಲಿ ಕುಸಿಯಿತು, ಮತ್ತು ದೂರನ್ನು ಎಲ್ಲಿಗೆ ಒಯ್ಯಬೇಕು, ಯಾರು ತೀರ್ಮಾನಿಸಬೇಕು ಎಂಬುದೇ ಯಾರಿಗೂ ಸ್ಪಷ್ಟವಿರಲಿಲ್ಲ. 1976ರ ವಿಚಾರಣಾ ವರದಿ ಈ ಹೊಣೆಗೇಡಿತನವನ್ನು ಬಯಲಿಗಿಟ್ಟಿತು. ಅದೇ ವರ್ಷ ಅಕ್ಟೋಬರ್ 18ರಂದು ಪ್ರಧಾನಿ ಜೇಮ್ಸ್ ಕ್ಯಾಲಹನ್ ಆಕ್ಸ್‌ಫರ್ಡಿನ ರಸ್ಕಿನ್ ಕಾಲೇಜಿನಲ್ಲಿ ಮಾತನಾಡುತ್ತ, ಶಾಲೆಯಲ್ಲಿ ಏನು ನಡೆಯುತ್ತದೆ ಎಂದು ಕೇಳುವ ಹಕ್ಕು ಪೋಷಕರಿಗೂ ಸಮಾಜಕ್ಕೂ ಇದೆ ಎಂದರು. ಆ ಪ್ರಶ್ನೆ ನ್ಯಾಯವಾದದ್ದೇ. ಮಗುವಿನ ಕಲಿಕೆ ಶಿಕ್ಷಕರ ಸೊತ್ತಲ್ಲ. ಉತ್ತರ ಹೇಳಬಲ್ಲ ವೃತ್ತಿಸಂಸ್ಥೆಯೊಂದು ಆಗ ಇದ್ದಿದ್ದರೆ ಮುಂದಿನ ದಶಕ ಬೇರೆಯಾಗಿರುತ್ತಿತ್ತು ಎಂದು ನಾನು ನಂಬುತ್ತೇನೆ. ಅದು ಇಲ್ಲದ್ದರಿಂದ ಖಾಲಿ ಜಾಗಕ್ಕೆ ಸರ್ಕಾರ ಬಂದು ನಿಂತಿತು.

1988ರ ಕಾಯಿದೆ ರಾಷ್ಟ್ರೀಯ ಪಠ್ಯಕ್ರಮವನ್ನೂ 7, 11 ಮತ್ತು 14ರ ವಯಸ್ಸಿನ ಪರೀಕ್ಷೆಗಳನ್ನೂ ತಂದಿತು. 1992ರಲ್ಲಿ ಹೊಸ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ ರಚನೆಯಾಯಿತು. ಶಿಕ್ಷಕರು 1993ರಲ್ಲಿ ಪರೀಕ್ಷೆಗಳನ್ನು ಬಹಿಷ್ಕರಿಸಿದರು. ಕೋರ್ಟು ಆ ಬಹಿಷ್ಕಾರವನ್ನು ಎತ್ತಿಹಿಡಿಯಿತು, ಪಠ್ಯಕ್ರಮದ ಭಾರ ಇಳಿಯಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ: ಕೋರ್ಟು ಒಪ್ಪಿದ ವಾದ ಶಿಕ್ಷಣದ ಹಿತದ್ದಲ್ಲ, ಅತಿಯಾದ ಕೆಲಸದ ಹೊರೆಯದ್ದು. ವೃತ್ತಿಯ ವಿವೇಕವನ್ನು ಮುಂದಿಡುವ ಕಾನೂನಿನ ನೆಲೆ ಇರಲಿಲ್ಲವಾದ್ದರಿಂದ ಅವರು ಕಾರ್ಮಿಕರಾಗಿ ಮಾತ್ರ ಗೆಲ್ಲಬಹುದಿತ್ತು. 1998ರ ಹೊತ್ತಿಗೆ ಸಾಕ್ಷರತೆಯ ಗಂಟೆಯೊಂದು ಬಂದು, ಅದರ 60 ನಿಮಿಷಗಳನ್ನು 15, 15, 20, 10 ಎಂದು ಹಂಚಿ, ಯಾವ ಹೊತ್ತಿನಲ್ಲಿ ಏನು ಮಾಡಬೇಕೆಂದು ಸೂಚಿಸಿತು. ಮಂತ್ರಿಗೆ ಪ್ರವೇಶವಿಲ್ಲದ ಉದ್ಯಾನದಿಂದ ಇಲ್ಲಿಗೆ ನಲವತ್ತು ವರ್ಷಗಳೂ ಹಿಡಿಯಲಿಲ್ಲ.

ಫಿನ್ಲೆಂಡ್ ಇದರ ತಿರುಗುಮುರುಗು. 1970ರ ದಶಕದಲ್ಲಿ ಎಲ್ಲ ಮಕ್ಕಳಿಗೂ ಒಂದೇ ಬಗೆಯ ಒಂಬತ್ತು ವರ್ಷಗಳ ಶಾಲೆ ತಂದಾಗ, ಅಲ್ಲಿನ ಸರ್ಕಾರ ವಿವರವಾದ ಪಠ್ಯಕ್ರಮ, ತಪಾಸಣೆ, ಪಠ್ಯಪುಸ್ತಕಗಳ ಪೂರ್ವಾನುಮತಿ ಎಲ್ಲವನ್ನೂ ತನ್ನ ಕೈಯಲ್ಲೇ ಇಟ್ಟುಕೊಂಡಿತ್ತು. ಆದರೆ ಜೊತೆಜೊತೆಗೆ ಶಿಕ್ಷಕರ ತರಬೇತಿಯನ್ನು ವಿಶ್ವವಿದ್ಯಾಲಯಕ್ಕೆ ಒಯ್ದು, 1979ರಿಂದ ಪ್ರಾಥಮಿಕ ಶಿಕ್ಷಕರಿಗೂ ಸ್ನಾತಕೋತ್ತರ ಪದವಿಯನ್ನು ಅರ್ಹತೆಯಾಗಿಸಿತು. ಹಾಗೆ ತರಬೇತಾದ ಒಂದು ತಲೆಮಾರು ಶಾಲೆಗಳಲ್ಲಿ ನೆಲೆಯೂರಿದ ಮೇಲೆ, 1990ರ ದಶಕದ ಆರಂಭದಲ್ಲಿ ಶಾಲಾ ತಪಾಸಣೆಯೂ ಪಠ್ಯಪುಸ್ತಕದ ಪೂರ್ವಾನುಮತಿಯೂ ನಿಂತವು. 1994ರ ರಾಷ್ಟ್ರೀಯ ಚೌಕಟ್ಟು ವಿವರಗಳನ್ನು ಸ್ಥಳೀಯ ಆಡಳಿತಕ್ಕೂ ಶಾಲೆಗಳಿಗೂ ಬಿಟ್ಟಿತು. ಫಿನ್ಲೆಂಡಿನ ಶಿಕ್ಷಕರ ಸ್ವಾತಂತ್ರ್ಯವನ್ನು ಹೊಗಳುವವರು ಈ ಅನುಕ್ರಮವನ್ನು ಹೆಚ್ಚಾಗಿ ಮರೆಯುತ್ತಾರೆ. ಅಲ್ಲಿ ಮೊದಲು ಬಂದದ್ದು ದೀರ್ಘವಾದ, ಸಂಶೋಧನೆಯನ್ನೊಳಗೊಂಡ ತರಬೇತಿ. ತಪಾಸಣೆ ಹಿಂದೆ ಸರಿದದ್ದು ಆಮೇಲೆ.

ಅಂತರರಾಷ್ಟ್ರೀಯ ಮಟ್ಟದಲ್ಲಿ ಈ ಇಡೀ ವಿಚಾರಕ್ಕೆ ಒಂದು ಲಿಖಿತ ರೂಪ ಸಿಕ್ಕಿದ್ದು 1966ರ ಅಕ್ಟೋಬರ್ 5ರಂದು, ಪ್ಯಾರಿಸ್ಸಿನಲ್ಲಿ ಯುನೆಸ್ಕೋ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಕೂಡಿ ರೂಪಿಸಿದ ಶಿಕ್ಷಕರ ಸ್ಥಾನಮಾನದ ಶಿಫಾರಸಿನಲ್ಲಿ. ತಮ್ಮ ವಿದ್ಯಾರ್ಥಿಗಳಿಗೆ ಯಾವ ಸಾಧನ, ಯಾವ ವಿಧಾನ ಸೂಕ್ತವೆಂದು ತೀರ್ಮಾನಿಸಲು ಶಿಕ್ಷಕರೇ ವಿಶೇಷವಾಗಿ ಅರ್ಹರಾಗಿರುವುದರಿಂದ, ಅನುಮೋದಿತ ಪಠ್ಯಕ್ರಮದ ಚೌಕಟ್ಟಿನೊಳಗೆ ಪಠ್ಯಪುಸ್ತಕಗಳ ಆಯ್ಕೆಯಲ್ಲೂ ಬೋಧನಾ ವಿಧಾನಗಳ ಅನ್ವಯದಲ್ಲೂ ಅವರಿಗೆ ಮುಖ್ಯ ಪಾತ್ರವಿರಬೇಕೆಂದು ಅದು ಹೇಳುತ್ತದೆ. ಕಾನೂನಿನಂತೆ ದೇಶಗಳನ್ನು ಕಟ್ಟಿಹಾಕುವ ಬಲ ಅದಕ್ಕಿಲ್ಲ. 1994ರಿಂದ ಅಕ್ಟೋಬರ್ 5ನ್ನು ವಿಶ್ವ ಶಿಕ್ಷಕರ ದಿನವಾಗಿ ಆಚರಿಸುವುದು ಈ ದಾಖಲೆಯ ನೆನಪಿಗಾಗಿಯೇ. ಉನ್ನತ ಶಿಕ್ಷಣದ ಬೋಧಕರಿಗೆ ಇಂಥದೇ ಪ್ರತ್ಯೇಕ ಶಿಫಾರಸು 1997ರಲ್ಲಿ ಬಂತು. ಶಾಲೆ ಮತ್ತು ವಿಶ್ವವಿದ್ಯಾಲಯಗಳ ನಡುವಿನ ಹಳೆಯ ಗೆರೆ ಇಲ್ಲಿಯೂ ಉಳಿಯಿತು.

ವೃತ್ತಿಯ ಬಾಗಿಲನ್ನು ವೃತ್ತಿಯವರೇ ಕಾಯುವ ಪ್ರಯೋಗ ಗಟ್ಟಿಯಾಗಿ ನಿಂತ ಮೊದಲ ಜಾಗಗಳಲ್ಲಿ ಸ್ಕಾಟ್ಲೆಂಡ್ ಒಂದು. ಅರ್ಹತೆಯಿಲ್ಲದವರನ್ನು ನೇಮಿಸುತ್ತಿದ್ದುದನ್ನು ವಿರೋಧಿಸಿ ಗ್ಲ್ಯಾಸ್ಗೋದ ಶಿಕ್ಷಕರು 1961ರಲ್ಲಿ ಮುಷ್ಕರ ಹೂಡಿದರು. ಅದರ ಹಿಂದೆಯೇ ರಚನೆಯಾದ ಸಮಿತಿಯ ಸಲಹೆಯಂತೆ, 1965ರ ಕಾಯಿದೆಯ ಮೂಲಕ ಸಾಮಾನ್ಯ ಬೋಧನಾ ಮಂಡಳಿ ಸ್ಥಾಪನೆಯಾಯಿತು. ಸರ್ಕಾರಿ ಶಾಲೆಯಲ್ಲಿ ಕಲಿಸಬೇಕಾದರೆ ಅದರಲ್ಲಿ ನೋಂದಾಯಿಸಿಕೊಂಡಿರಬೇಕು. ಮಂಡಳಿಯ ಖರ್ಚು ಶಿಕ್ಷಕರ ಶುಲ್ಕದಿಂದಲೇ ನಡೆಯುತ್ತದೆ. ಅರ್ಹತೆ, ನಡತೆ, ಸಾಮರ್ಥ್ಯಗಳ ಪ್ರಶ್ನೆಗಳು ಅಲ್ಲಿಗೇ ಬರುತ್ತವೆ. ಇಂಗ್ಲೆಂಡಿನಲ್ಲಿ ಅದೇ ಹೆಸರಿನ ಮಂಡಳಿ ಬಂದದ್ದು 2000ದಲ್ಲಿ, ರಾಷ್ಟ್ರೀಯ ಪಠ್ಯಕ್ರಮ ಮತ್ತು ತಪಾಸಣೆಗಳು ಆಗಲೇ ಬೇರೂರಿದ ಮೇಲೆ. ಅದರ ಮುಖ್ಯ ಅಧಿಕಾರಗಳು ಶಿಸ್ತು ಕ್ರಮಕ್ಕೆ ಸಂಬಂಧಿಸಿದ್ದವು, ಶುಲ್ಕವನ್ನು ಶಿಕ್ಷಕರು ಕಟ್ಟಬೇಕಿತ್ತು, ಹೀಗಾಗಿ ಅದು ತಮ್ಮದೆಂದು ಅನೇಕರಿಗೆ ಅನ್ನಿಸಲೇ ಇಲ್ಲ. 2012ರ ಮಾರ್ಚ್ ಕೊನೆಯಲ್ಲಿ ಸರ್ಕಾರ ಅದನ್ನು ಮುಚ್ಚಿ, ಅದರ ಕೆಲಸಗಳನ್ನು ತನ್ನದೇ ಇಲಾಖೆಯ ಅಡಿಗೆ ತಂದುಕೊಂಡಿತು. ಅದೇ ಏಪ್ರಿಲಿನಲ್ಲಿ ಸ್ಕಾಟ್ಲೆಂಡಿನ ಮಂಡಳಿ ಸರ್ಕಾರದಿಂದ ಪೂರ್ಣವಾಗಿ ಸ್ವತಂತ್ರವಾದ ಸಂಸ್ಥೆಯಾಯಿತು.

ವೇಲ್ಸ್ ಮೂರನೆಯ ದಾರಿ ಹಿಡಿದಿದೆ. ಅಲ್ಲಿನ ಬೋಧನಾ ಮಂಡಳಿ 2015ರಲ್ಲಿ ಶಿಕ್ಷಣ ಕಾರ್ಯಪಡೆಯ ಮಂಡಳಿಯಾಗಿ ಮಾರ್ಪಟ್ಟು, ಶಾಲಾ ಶಿಕ್ಷಕರ ಜೊತೆಗೆ ಕಾಲೇಜು ಬೋಧಕರು, ತರಗತಿಯ ಸಹಾಯಕರು, ಯುವಜನ ಕಾರ್ಯಕರ್ತರು ಮುಂತಾದವರನ್ನೂ ಒಂದೇ ನೋಂದಣಿಯಡಿ ತಂದಿದೆ. ತರಗತಿಯಲ್ಲಿ ಅತ್ಯಂತ ಕಷ್ಟದಲ್ಲಿರುವ ಮಗುವಿನ ಪಕ್ಕದಲ್ಲಿ ದಿನವಿಡೀ ಕುಳಿತಿರುವವರು ಹಲವು ಬಾರಿ ಈ ಸಹಾಯಕರೇ. ಆ ಮಗುವಿನ ಬಗ್ಗೆ ಅವರಿಗೆ ತಿಳಿದಿರುವಷ್ಟು ಬೇರೆಯವರಿಗೆ ತಿಳಿದಿರುವುದಿಲ್ಲ. ನೋಂದಣಿ ಅವರಿಗೆ ನಡತೆಯ ಸಂಹಿತೆಯನ್ನೂ ಶಿಸ್ತಿನ ಹೊಣೆಯನ್ನೂ ಈಗಾಗಲೇ ತಂದಿದೆ. ಆ ಮಗುವಿನ ಕಲಿಕೆಯ ಯೋಜನೆಯನ್ನು ರೂಪಿಸುವ ಸಭೆಯಲ್ಲಿ ಅವರ ಮಾತಿಗೂ ತೂಕ ಸಿಗಬೇಕಾದರೆ ತರಬೇತಿ, ಸಂಬಳ, ಸಮಯ ಮೂರೂ ಅದರ ಹಿಂದೆ ಬರಬೇಕಾಗುತ್ತದೆ.